ಅವಳ ಪ್ರೋಗ್ರಾಮಿಗೆ ದಾರಿ

ಸೋಮವಾರ ಬೆಳಿಗ್ಗೆ ಗಜೇಂದ್ರಗಡದಲ್ಲಿ ನಮ್ಮ ನೇಕಾರರ ಸಂಘದ ನಕ್ಷೆ ಕೋಣೆಯ ಬಾಗಿಲು ತೆಗೆದಾಗ ಹಳೆಯ ಕಂಪ್ಯೂಟರ್ ಮೇಜಿನ ಮೇಲಿರಲಿಲ್ಲ. ಎರಡು ತಿಂಗಳಿಂದ ಅದು ಏದುಸಿರು ಬಿಡುತ್ತಿತ್ತು, ಯಾರೂ ಅದರ ಆಸೆ ಇಟ್ಟುಕೊಂಡಿರಲಿಲ್ಲ. ಆದರೂ ಹೇಳದೆ ಕೇಳದೆ ಎತ್ತಿ ಮೂಲೆಗಿಟ್ಟದ್ದು ನೋಡಿ ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಸಂಘದಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಕಾರ್ಯದರ್ಶಿಗಳು ಬಾಗಿಲ ಹೊರಗೇ ನಿಂತು ಮಾತಾಡಿದರು.

"ಹೊಸಾವು ಮೂರು ಬಂದಾವ್ರಿ ಬಾಯಾರ. ಒಂದು ಇಲ್ಲಿ, ಒಂದು ನರಗುಂದದ ನೂಲಿನ ಡಿಪೋಕ, ಒಂದು ರೋಣದ ಆಫೀಸಿಗೆ. ಮೂರೂ ಕಡೆ ನಕ್ಷಿ ಬರಬೇಕು ನೋಡ್ರಿ. ಮುಂದಿನ ಬುಧವಾರ ಕಮಿಟಿ ಸಭಾ ಐತಿ. ಅಷ್ಟೊತ್ತಿಗೆ ನಡೀಲಿಲ್ಲಂದ್ರ ಹೊರಗಿಂದ ತಯಾರ್ ಪ್ಯಾಕೇಜ್ ತರಸೂದು. ನಿಮ್ಮ ಆ ಹಳೇದನ್ನ ತಗದ್ ಹಾಕೂದು."

ಆ ಹಳೇದು ಎಂದರೆ ಎರಡು ತುಂಡು. ಒಂದು ನಾನು ಬರೆದ ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಒಂದಾದ ಮೇಲೊಂದು ಕೊಡುವ ಆಜ್ಞೆಗಳ ಸಾಲು. ಸೀರೆಯ ದಡಿಯ ಚಿತ್ರವನ್ನು ಅದು ತೆಗೆದುಕೊಂಡು, ಅಳತೆ ಸರಿಮಾಡಿ, ತನ್ನ ಜೊತೆಗಾರ ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಆ ಪ್ರೋಗ್ರಾಂ ಚಿತ್ರವನ್ನು ತೂತುಗಳ ನಕ್ಷೆಯಾಗಿ ಮಾಡಿ ಮುದ್ರಿಸುತ್ತದೆ. ನಕ್ಷೆ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ, ಕಾರ್ಡುಗಳು ಮಗ್ಗದ ಮೇಲೆ ಏರುತ್ತವೆ, ದಡಿಯಲ್ಲಿ ಹೂವು ಮೂಡುತ್ತದೆ. ನನ್ನ ಸ್ಕ್ರಿಪ್ಟಿನದು ಬಾಗಿಲು ತೆರೆಯುವ ಕೆಲಸ ಅಷ್ಟೇ. ಬುದ್ಧಿಯ ಕೆಲಸವೆಲ್ಲ ಆ ಪ್ರೋಗ್ರಾಮಿನದು. ಅದನ್ನು ಬರೆದವಳು ನನ್ನ ಗೆಳತಿ. ಅವಳು ತೀರಿಕೊಂಡು ಮೂರು ವರ್ಷವಾಯಿತು.

ಅವಳು ನರಗುಂದದವಳು, ಬಟ್ಟೆ ವ್ಯಾಪಾರ ಮಾಡುವ ಮುಸ್ಲಿಂ ಮನೆತನ. ನಾನು ರೋಣದವಳು. ನರಗುಂದದಿಂದ ಹೊರಟ ಬಸ್ಸು ರೋಣಕ್ಕೆ ಬರುವಷ್ಟರಲ್ಲಿ ತುಂಬಿರುತ್ತಿತ್ತು. ಅವಳು ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಸಿ, ಕೇಳಿದವರಿಗೆಲ್ಲ "ಬರೂರು ಅದಾರ್ರಿ" ಎಂದು ಹೇಳಿ, ಕೆಲವೊಮ್ಮೆ ಜಗಳವನ್ನೂ ಕಾಯ್ದು ನನಗೆ ಜಾಗ ಉಳಿಸುತ್ತಿದ್ದಳು. ಎಂಟು ವರ್ಷ ಹಾಗೆ ಜೋಡಿಯಾಗಿ ಗಜೇಂದ್ರಗಡಕ್ಕೆ ಹೋಗಿ ಬಂದೆವು. ಈಗ ಹೋಗುವಾಗಲೂ ಬಸ್ಸು ಹತ್ತಿದ ಕೂಡಲೇ ಕಿಟಕಿ ಬದಿಯ ಮುಖಗಳನ್ನೆಲ್ಲ ಒಮ್ಮೆ ನೋಡುತ್ತೇನೆ. ಮೂರು ವರ್ಷದಲ್ಲಿ ಆ ಚಾಳಿ ಹೋಗಿಲ್ಲ.

ಪ್ರೋಗ್ರಾಮಿನ ಜೊತೆ ಅವಳು ಮಾಡಿಟ್ಟ ಒಂದು ಪಟ್ಟಿ ಇದೆ. ಯಾರ ಮಗ್ಗಕ್ಕೆ ಎಳೆ ಎತ್ತುವ ಕೊಕ್ಕೆ ಎಷ್ಟು, ಯಾವ ಸಾಲಿನ ಕೊಕ್ಕೆ ಮುರಿದಿದೆ, ಯಾವುದನ್ನು ಬಿಟ್ಟು ಎಣಿಸಬೇಕು ಎಂಬುದೆಲ್ಲ ಅದರಲ್ಲಿ ಇದೆ. ಒಂದು ಬೇಸಿಗೆಯ ತುಂಬ ನೇಕಾರರ ಮನೆ ಮನೆಗೆ ಹೋಗಿ, ಮಗ್ಗದ ಕೆಳಗೆ ಅಂಗಾತ ಮಲಗಿ ಎಣಿಸಿ ಬರೆದದ್ದು. ಹೊರಗಿನಿಂದ ಬರುವ ಪ್ಯಾಕೇಜಿಗೆ ಇದು ಹೇಗೆ ಗೊತ್ತಿರಬೇಕು? ಕಾರ್ಯದರ್ಶಿಗಳಿಗೆ ಇದನ್ನು ಹೇಳಿದೆ. ಅವರು "ಅದು ಖರೇನ ಐತ್ರಿ, ಆದ್ರ ನಡೀಬೇಕಲ್ಲ" ಎಂದರು. ನ್ಯಾಯದ ಮಾತೇ ಆಗಿತ್ತು.

ಆದರೆ ನಾನು ಹಟ ಹಿಡಿದದ್ದು ನೇಕಾರರ ಸಲುವಾಗಿ ಮಾತ್ರ ಎಂದರೆ ಸುಳ್ಳಾಗುತ್ತದೆ. ಅವಳ ಕೈಯಿಂದ ಆದದ್ದರಲ್ಲಿ ಈ ಲೋಕದಲ್ಲಿ ಇನ್ನೂ ದಿನಾ ಎದ್ದು ಕೆಲಸ ಮಾಡುತ್ತಿದ್ದದ್ದು ಅದೊಂದೇ. ಅದನ್ನು ತೆಗೆದು ಹಾಕಿದರೆ ಅವಳು ಎರಡನೇ ಸಲ ಹೋದ ಹಾಗೆ ಎಂದು ನನಗೆ ಅನಿಸಿತು. ಒಂಬತ್ತು ದಿನ ಇತ್ತು.

ಹಳೆಯ ಕಂಪ್ಯೂಟರಿನಿಂದ ಇವೆಲ್ಲ ಇದ್ದ ಫೋಲ್ಡರನ್ನು ಇದ್ದ ಹಾಗೆಯೇ ಹೊಸದಕ್ಕೆ ತಂದೆ. ಪರದೆಯ ಮೇಲೆ ಒಂದು ಐಕಾನ್ ಮಾಡಿ ಒತ್ತಿದೆ. ಏನೂ ಬರಲಿಲ್ಲ. ಪ್ರಿಂಟರ್ ಒಂದು ಖಾಲಿ ಹಾಳೆ ಉಗುಳಿತು.

ಕಾರಣ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ನಾವು ಮೊದಲು ಆ ಫೋಲ್ಡರಿನೊಳಗೆ ಹೋಗಿ, ಅಲ್ಲಿ ನಿಂತೇ ಸ್ಕ್ರಿಪ್ಟನ್ನು ಕರೆಯುತ್ತಿದ್ದೆವು. ಸ್ಕ್ರಿಪ್ಟಿನಲ್ಲಿ ನಾನು ಬರೆದದ್ದು "ನಾನು ಈಗ ನಿಂತಿರುವ ಜಾಗದಲ್ಲಿರುವ ಪ್ರೋಗ್ರಾಮನ್ನು ಓಡಿಸು" ಎಂದು. ಐಕಾನ್ ಒತ್ತಿದಾಗ ಕಂಪ್ಯೂಟರ್ ನಿಂತಿರುವುದು ಬೇರೆಲ್ಲೋ. ಪ್ರೋಗ್ರಾಂ ಅಲ್ಲಿ ಹೇಗೆ ಸಿಕ್ಕೀತು? ಇಷ್ಟು ವರ್ಷ ನಡೆದದ್ದು ಸರಿಯಾಗಿದೆ ಎಂದುಕೊಂಡಿದ್ದೆ. ಅದು ನಮ್ಮ ರೂಢಿಯ ಮೇಲೆ ನಡೆದಿತ್ತು ಅಷ್ಟೇ.

ಮೊದಲು ಸೋಮಾರಿಯ ಉಪಾಯ ಮಾಡಿದೆ. ಪ್ರೋಗ್ರಾಂ ಇರುವ ಫೋಲ್ಡರಿನ ಪೂರ್ತಿ ವಿಳಾಸವನ್ನು, ಬೇರಿನಿಂದ ತುದಿಯವರೆಗೆ, ಸ್ಕ್ರಿಪ್ಟಿನಲ್ಲಿ ಬರೆದು, ಮೊದಲು ಅಲ್ಲಿಗೆ ಹೋಗು ಎಂದುಬಿಟ್ಟೆ. ಗಜೇಂದ್ರಗಡದಲ್ಲಿ ಓಡಿತು. ಆದರೆ ಆ ವಿಳಾಸದಲ್ಲಿ ಕಂಪ್ಯೂಟರ್ ಬಳಸುವವರ ಹೆಸರೂ ಸೇರಿರುತ್ತದೆ. ನರಗುಂದದಲ್ಲಿ ಒಂದು ಹೆಸರು, ರೋಣದಲ್ಲಿ ಇನ್ನೊಂದು. ಮೂರು ಊರಿಗೆ ಮೂರು ಸ್ಕ್ರಿಪ್ಟ್ ಇಟ್ಟರೆ ನಾಳೆ ಒಂದನ್ನು ತಿದ್ದಿ ಎರಡನ್ನು ಮರೆಯುವವಳು ನಾನೇ. ಬೇಡವೆಂದು ಅಳಿಸಿದೆ.

ಮಂಗಳವಾರ ಬೇರೆ ರೀತಿ ಯೋಚಿಸಿದೆ. ಸ್ಕ್ರಿಪ್ಟೂ ಪ್ರೋಗ್ರಾಮೂ ಯಾವಾಗಲೂ ಒಂದೇ ಫೋಲ್ಡರಿನಲ್ಲಿ ಇರುತ್ತವೆ. ಹಾಗಾದರೆ ಕರೆದವರು ಎಲ್ಲಿ ನಿಂತಿದ್ದಾರೆ ಎಂದು ಯಾಕೆ ನೋಡಬೇಕು? ಸ್ಕ್ರಿಪ್ಟ್ ತಾನು ಎಲ್ಲಿದ್ದೇನೆ ಎಂದು ನೋಡಿಕೊಳ್ಳಲಿ, ಆ ಫೋಲ್ಡರಿಗೆ ಹೋಗಲಿ, ಪಕ್ಕದಲ್ಲಿರುವ ಪ್ರೋಗ್ರಾಮನ್ನು ಎಬ್ಬಿಸಲಿ. ಸ್ಕ್ರಿಪ್ಟಿಗೆ ತನ್ನನ್ನು ಯಾವ ಹೆಸರಿನಿಂದ ಕರೆದರು ಎಂಬುದು ಗೊತ್ತಿರುತ್ತದೆ. ಆ ಹೆಸರಿನ ಕೊನೆಯ ತುಂಡು ಕತ್ತರಿಸಿದರೆ ಉಳಿಯುವುದೇ ಅದರ ಫೋಲ್ಡರ್. ಎರಡು ಸಾಲಿನ ಕೆಲಸ. ಐಕಾನ್ ಒತ್ತಿದೆ, ನಕ್ಷೆ ಬಂತು. ಅವತ್ತು ಬಸ್ ನಿಲ್ದಾಣದಲ್ಲಿ ಒಂದರ ಬದಲು ಎರಡು ಪ್ಲೇಟ್ ಮಿರ್ಚಿ ಭಜಿ ತಿಂದೆ.

ಬುಧವಾರ ಬೆಳಿಗ್ಗೆ ಮತ್ತೆ ಖಾಲಿ ಹಾಳೆ.

ನನಗೆ ಒಂದು ಅಭ್ಯಾಸ ಇದೆ. ಏನಾದರೂ ಕೆಟ್ಟರೆ ಸ್ಕ್ರಿಪ್ಟ್ ಯಾವ ದಾರಿ ಹಿಡಿದಿದೆ ಎಂಬುದನ್ನು ಪರದೆಯ ಮೇಲೆ ಬರೆಸಿ ನೋಡುತ್ತೇನೆ. ಬರೆಸಿದೆ. ದಾರಿ "ಶ್ರೀ" ಎಂಬಲ್ಲಿಗೆ ಬಂದು ತುಂಡಾಗಿತ್ತು. ಫೋಲ್ಡರಿನ ಹೆಸರು ನೋಡಿದರೆ "ಶ್ರೀ ಬನಶಂಕರಿ ಪ್ರಸನ್ನ" ಎಂದು ಆಗಿತ್ತು. ಸಂಘದ ಗುಮಾಸ್ತರನ್ನು ಕೇಳಿದೆ.

"ಹೊಸಾ ಪೆಟ್ಟಿಗಿ ಬಂದೈತಿ, ಹಂಗ ಚಾಲೂ ಮಾಡಬಾರದಲ್ರಿ," ಎಂದರು. "ಪೂಜಾ ಮಾಡಿ, ಕಾಯಿ ಒಡದು, ತಾಯಿ ಹೆಸರು ಬರದೀನಿ. ಖಾತೆ ಪುಸ್ತಕದ ಮ್ಯಾಲ ಬರಿಯೂದಿಲ್ಲೇನ್ರಿ ನಾವು?"

"ಹೆಸರಿನ ನಡುವ ಜಾಗಾ ಬಿಟ್ಟೀರಿ. ಅದಕ್ಕ ಮೂರು ಬ್ಯಾರೆ ಬ್ಯಾರೆ ಹೆಸರು ಅನಸೇತಿ."

"ಹಂಗಾರ ಕೂಡಿಸಿ ಬರೀಲ್ರಿ?"

ಬೇಡ ಎಂದೆ. ತಾಯಿಯ ಹೆಸರನ್ನು ಇಕ್ಕಟ್ಟು ಮಾಡುವುದಕ್ಕಿಂತ ನನ್ನ ಸ್ಕ್ರಿಪ್ಟಿಗೆ ಬುದ್ಧಿ ಕಲಿಸುವುದು ಮೇಲು. ದಾರಿಯ ಹೆಸರು ಬರುವಲ್ಲೆಲ್ಲ ಉದ್ಧರಣ ಚಿಹ್ನೆ ಹಾಕಿದರೆ ಕಂಪ್ಯೂಟರ್ ಅದನ್ನು ಇಡಿಯಾಗಿ ಒಂದೇ ಹೆಸರೆಂದು ಹಿಡಿಯುತ್ತದೆ. ನಾನು ಒಂದು ಕಡೆಯೂ ಹಾಕಿರಲಿಲ್ಲ. ಹನ್ನೊಂದು ಕಡೆ ಹಾಕಿದೆ. ನಾಳೆ ಇನ್ನೊಂದು ಊರಿನಲ್ಲಿ ಇನ್ನೊಂದು ದೇವರ ಹೆಸರು ಬರೆಯುತ್ತಾರೆ, ಅದಕ್ಕೂ ನಡೆಯಬೇಕಲ್ಲ.

ಗುರುವಾರ ನರಗುಂದಕ್ಕೆ ಹೋದೆ. ನೂಲಿನ ಡಿಪೋದ ಕಂಪ್ಯೂಟರಿನಲ್ಲಿ ಎಲ್ಲ ಕೂಡಿಸಿ, ಫೋಲ್ಡರ್ ತೆರೆದು ಒತ್ತಿ ತೋರಿಸಿದೆ. ನಕ್ಷೆ ಬಂತು. ಡಿಪೋದವರು ದಿನಾ ಫೋಲ್ಡರ್ ಹುಡುಕುತ್ತ ಕೂಡಲು ಆಗುವುದಿಲ್ಲವೆಂದು ಹೊರಗೆ ಪರದೆಯ ಮೇಲೆ ಅದಕ್ಕೊಂದು ಕೊಂಡಿ, ಅಂದರೆ ನಿಜವಾದ ಫೈಲಿನತ್ತ ಬೆರಳು ತೋರಿಸುವ ಲಿಂಕ್, ಮಾಡಿಕೊಂಡರು. ಕೊಂಡಿ ಒತ್ತಿದರೆ ಖಾಲಿ ಹಾಳೆ. ದಾರಿ ಬರೆಸಿ ನೋಡಿದೆ. ಸ್ಕ್ರಿಪ್ಟ್ ತಾನು ಪರದೆಯ ಮೇಲೇ ಇದ್ದೇನೆ ಎಂದು ತಿಳಿದು, ಗೆಳತಿಯ ಪ್ರೋಗ್ರಾಮನ್ನು ಅಲ್ಲಿ ಹುಡುಕಿತ್ತು. ಕರೆದ ಹೆಸರನ್ನು ಕತ್ತರಿಸುವ ನನ್ನ ಉಪಾಯ ಕೊಂಡಿಯ ಮುಂದೆ ಸೋತಿತ್ತು. ಕೊಂಡಿ ಎಲ್ಲಿಗೆ ಕಟ್ಟಿದೆ ಎಂದು ಅದನ್ನು ಹಿಡಿದು ಕೊನೆಯವರೆಗೆ ಹೋಗಿ, ಅಲ್ಲಿ ಸಿಗುವ ನಿಜವಾದ ಫೈಲಿನ ಜಾಗವನ್ನು ಕೇಳಬೇಕು. ಅದಕ್ಕೆ ಬೇರೆಯೇ ಒಂದು ಆಜ್ಞೆ ಇದೆ. ಸೇರಿಸಿದೆ. ಕೊಂಡಿಗೆ ಕೊಂಡಿ ಹಾಕಿ ಪರೀಕ್ಷಿಸಿದೆ. ನಡೆಯಿತು.

ಡಿಪೋ ಇರುವ ಓಣಿಯಲ್ಲೇ ಅವಳ ಮನೆ. ಮೂರು ವರ್ಷದಲ್ಲಿ ನಾನು ಆ ಮನೆಗೆ ಹೋದದ್ದು ಎರಡೇ ಸಲ, ಅದೂ ದುಃಖ ಮಾತಾಡಿಸಲು. ಹೋಗಲು ಕಾಲು ಏಳುತ್ತಿರಲಿಲ್ಲ. ಅವತ್ತು ಹೋದದ್ದಕ್ಕೆ ಸ್ವಾರ್ಥವೂ ಇತ್ತು. ನಮ್ಮ ಹತ್ತಿರ ಇರುವುದು ಪ್ರೋಗ್ರಾಮಿನ ಯಂತ್ರರೂಪ ಮಾತ್ರ. ಓಡಿಸಬಹುದು, ತೆರೆದರೆ ಓದಲಾಗದು. ಅವಳು ಕೈಯಾರೆ ಬರೆದ ಮೂಲ ಬರಹ ಅವಳ ಲ್ಯಾಪ್‌ಟಾಪಿನಲ್ಲಿತ್ತು.

ಅವಳ ತಾಯಿ ಬಾಗಿಲು ತೆಗೆದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಚಹಾ ಆದ ಮೇಲೆ ಲ್ಯಾಪ್‌ಟಾಪಿನ ಮಾತು ತೆಗೆದೆ.

"ಅದನ್ನ ಆಕಿ ಅಣ್ಣ ಎಲ್ಲಾ ಅಳಿಸಿ, ನಮ್ಮ ಪೈಕಿ ಒಂದು ಹುಡುಗಿ ಕಾಲೇಜಿಗೆ ಹೊಂಟಿತ್ತು, ಆಕಿಗೆ ಕೊಟ್ಟ, ಬೇಟಿ," ಎಂದರು ಅಮ್ಮ. "ಕೆಲಸಕ್ಕ ಬರಲಿ ಅಂತ ಚಲೋ ಮನಸಿನಿಂದನ ಕೊಟ್ಟಾನ. ಅದರಾಗ ಏನಿತ್ತು ಅಂತ ನಮಗ್ಯಾರಿಗೆ ಗೊತ್ತು?"

"ಹೋಗ್ಲಿ ಬಿಡ್ರಿ ಅಮ್ಮಾ."

"ಆಕಿ ಅದರ ಮುಂದ ಕುಂತು ಒಬ್ಬಾಕಿನ ನಗತಿದ್ಲು. ಏನು ನಗತೀಯ ಅಂದ್ರ, ನಿನಗ ತಿಳಿಯೂದಿಲ್ಲ ಅಂತಿದ್ಲು. ಖರೇನ, ನನಗ ಏನೂ ತಿಳೀಲಿಲ್ಲ. ಎಂಟು ವರ್ಷ ಆಕಿ ಏನು ಕೆಲಸ ಮಾಡಿದ್ಲು ಅಂತ ಯಾರರ ಕೇಳಿದ್ರ, ಕಂಪ್ಯೂಟರ್ ಅಂತೇನಿ. ಮುಂದ ಹೇಳಾಕ ಬರೂದಿಲ್ಲ."

ನಾನು ಹೇಳಲು ಹೊರಟೆ. ಚಿತ್ರ, ತೂತು, ಕಾರ್ಡು, ಮಗ್ಗ. ಅಮ್ಮ ತಲೆಯಾಡಿಸಿದರು, ಆದರೆ ಅವರಿಗೆ ಬೇಕಾದದ್ದು ಅದಲ್ಲ ಎಂದು ನನಗೆ ಗೊತ್ತಾಯಿತು. ನನಗೆ ಬೇಕಾದದ್ದೂ ಅದಲ್ಲ. ನಾನು ಅಲ್ಲಿಗೆ ಹೋದದ್ದು ಮೂಲ ಬರಹಕ್ಕಾಗಿ ಎಂದು ಬಸ್ಸಿನುದ್ದಕ್ಕೂ ಹೇಳಿಕೊಂಡಿದ್ದೆ. ಅವಳ ಚಪ್ಪಲಿ ಇನ್ನೂ ಅಲ್ಲೇ ಬಾಗಿಲ ಹಿಂದೆ ಇದ್ದವು. ಅವನ್ನು ನೋಡಿದ ಮೇಲೆ ಹಾಗೆ ಹೇಳಿಕೊಳ್ಳಲು ಆಗಲಿಲ್ಲ. ನನಗೆ ಅವಳು ಬೇಕಾಗಿದ್ದಳು, ಅಷ್ಟೇ.

ಶನಿವಾರ ರೋಣ. ನನ್ನೂರು, ಸುಲಭ ಎಂದುಕೊಂಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ರೋಣದ ಆಫೀಸಿನ ಗುಮಾಸ್ತೆ ನನ್ನ ವಯಸ್ಸಿನವರು, ಕೆಲಸದಲ್ಲಿ ಚುರುಕು. ಅವರು ಐಕಾನ್ ಒತ್ತುವವರಲ್ಲ. ನೇಕಾರರು ಪೆನ್ ಡ್ರೈವ್ ತಂದರೆ ಅದನ್ನು ಚುಚ್ಚಿ, ಅದರ ಒಳಗೇ ನಿಂತು, ಸ್ಕ್ರಿಪ್ಟಿನ ಹೆಸರು ಮತ್ತು ಚಿತ್ರದ ಹೆಸರು ಟೈಪ್ ಮಾಡಿ ಕರೆಯುತ್ತಾರೆ. ಅವತ್ತು ಒಬ್ಬ ಹಿರಿಯ ನೇಕಾರರು ಗಜೇಂದ್ರಗಡದಿಂದ ಸಂತೆಯ ಕೆಲಸಕ್ಕೆಂದು ರೋಣಕ್ಕೆ ಬಂದವರು, ಪೆನ್ ಡ್ರೈವ್ ಅಂಗಿ ಕಿಸೆಯಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದರು. ಹಂಸದ ದಡಿಯ ಚಿತ್ರ. ಅವರ ಮಗ್ಗ ಒಂದು ವಾರದಿಂದ ಆ ನಕ್ಷೆಗೆ ಕಾಯ್ದು ಬರಿದೇ ನಿಂತಿತ್ತು.

ಕರೆದರೆ ಖಾಲಿ ಹಾಳೆ. ಈ ಸಲ ಪ್ರೋಗ್ರಾಂ ಸಿಕ್ಕಿತ್ತು, ಚಿತ್ರ ಸಿಕ್ಕಿರಲಿಲ್ಲ. ನನ್ನ ಸ್ಕ್ರಿಪ್ಟ್ ಮೊದಲು ತನ್ನ ಫೋಲ್ಡರಿಗೆ ಹೋಗಿಬಿಡುತ್ತದೆ, ಆಮೇಲೆ ಚಿತ್ರ ಹುಡುಕುತ್ತದೆ. ಚಿತ್ರ ಹಿಂದೆ ಪೆನ್ ಡ್ರೈವಿನಲ್ಲೇ ಉಳಿಯಿತು. ಉಳಿದ ಎರಡು ಊರಿನಲ್ಲಿ ಚಿತ್ರಗಳು ಅದೇ ಫೋಲ್ಡರಿನಲ್ಲಿ ಇದ್ದುದರಿಂದ ಇದು ತಿಳಿದಿರಲಿಲ್ಲ. ಸರಿ, ಸ್ಕ್ರಿಪ್ಟ್ ಎಲ್ಲಿಗೂ ಹೋಗುವುದು ಬೇಡ, ಇದ್ದಲ್ಲೇ ಇದ್ದು ಪ್ರೋಗ್ರಾಮನ್ನು ಪೂರ್ತಿ ವಿಳಾಸದಿಂದ ಕರೆಯಲಿ ಎಂದು ತಿದ್ದಿದೆ. ವಿಳಾಸ ಈಗ ಅದೇ ಕಂಡುಹಿಡಿಯುತ್ತದಲ್ಲ.

ಮತ್ತೆ ಖಾಲಿ ಹಾಳೆ.

ದಾರಿ ಬರೆಸಿದೆ, ಸರಿ ಇತ್ತು. ಪ್ರೋಗ್ರಾಂ ಅಲ್ಲಿದೆ, ಸರಿ. ಓಡಿಸಲು ಅನುಮತಿ ಇದೆ, ಸರಿ. ಚಿತ್ರ ಇದೆ, ಸರಿ. ಎಲ್ಲ ಸರಿ ಇದ್ದು ಏನೂ ಬರುವುದಿಲ್ಲ ಎಂದರೆ ಏನು ಮಾಡಬೇಕು? ಮಧ್ಯಾಹ್ನದ ಊಟ ಬಿಟ್ಟೆ. ಅದೇ ಮೂರು ಸಾಲನ್ನು ಹಿಂದೆ ಮುಂದೆ ಮಾಡುತ್ತ ಕುಳಿತೆ. ಕೆಲಸ ಕೂಡಿಬರದಿದ್ದಾಗ ಅವಳಿದ್ದರೆ ನನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದು "ಸರಿ ಹುಚ್ಚಿ, ನಾ ನೋಡ್ತೀನಿ" ಎನ್ನುತ್ತಿದ್ದಳು. ಅವಳು ನನ್ನನ್ನು ಹೆಸರಿನಿಂದ ಕರೆದದ್ದು ಬಹುಶಃ ಮೊದಲ ವಾರ ಮಾತ್ರ, ಆಮೇಲೆ ಹುಚ್ಚಿಯೇ. ಆ ಮಧ್ಯಾಹ್ನ ಯಾರಾದರೂ ಹಾಗೆ ಕುರ್ಚಿ ಎಳೆಯಲಿ ಎಂದು ನನಗೆ ಎಷ್ಟು ಅನಿಸಿತೆಂದರೆ, ಒಮ್ಮೆ ಹಿಂತಿರುಗಿ ನೋಡಿದೆ.

ಹಿಂದೆ ಗುಮಾಸ್ತೆ ನಿಂತಿದ್ದರು. "ಅದು ಏನರ ಅಂತೈತೇನ್ರಿ, ಸುಮ್ಮನ ಇರತೈತೋ?" ಎಂದು ಕೇಳಿದರು.

"ಏನೂ ಅನ್ನೂದಿಲ್ಲ."

"ಯಾಕ್ರಿ? ತಪ್ಪಾದ್ರ ಉಳಿದಾವೆಲ್ಲಾ ಏನರ ಒದರತಾವಲ್ಲ."

ಒದರದ ಹಾಗೆ ಮಾಡಿದ್ದು ನಾನೇ. ಅದು ಆಗಷ್ಟೇ ನೆನಪಾಯಿತು.

ನಮ್ಮ ಕಡೆ ಮನೆಯಲ್ಲಿ ಅಕ್ಕಿ ತೀರಿದರೆ ಅಕ್ಕಿ ಇಲ್ಲ ಎನ್ನುವುದಿಲ್ಲ, "ಅಕ್ಕಿ ಹೆಚ್ಚಾಗ್ಯಾವ" ಎನ್ನುತ್ತೇವೆ. ಇಲ್ಲ ಎಂದರೆ ಇಲ್ಲವೇ ಆಗುತ್ತದೆ ಎಂಬ ಅಂಜಿಕೆ. ಅಂಗಡಿಯಲ್ಲಂತೂ ಬೆಳಗಿನ ಮೊದಲ ಗಿರಾಕಿಯ ಮುಂದೆ, ಬೋಣಿಗೆಯ ಹೊತ್ತಿನಲ್ಲಿ, ಆ ಮಾತು ಬಾಯಿಗೆ ಬರಬಾರದು. ಅವಳು ಹೋಗುವ ಹಿಂದಿನ ವರ್ಷ ಒಂದು ದಿನ ಬೆಳಿಗ್ಗೆ ಒಬ್ಬ ನೇಕಾರರು ಮೊದಲಿಗರಾಗಿ ಬಂದರು. ಏನೋ ತಪ್ಪಾಗಿ ಪರದೆಯ ಮೇಲೆ "ಫೈಲ್ ಇಲ್ಲ, ಪಟ್ಟಿ ಇಲ್ಲ" ಎಂದು ಸಾಲು ಸಾಲಾಗಿ ಬಂತು. ಆಗ ಅವಳ ಪ್ರೋಗ್ರಾಂ ದೂರುಗಳನ್ನು ಹಾಗೆ ಬರೆಯುತ್ತಿತ್ತು. ಅವರು ಹೊಸ್ತಿಲಲ್ಲೇ ತಿರುಗಿದರು. "ಮುಂಜಮುಂಜಾನೆ ಇಲ್ಲ ಇಲ್ಲ ಅಂತೈತಲ್ರಿ ನಿಮ್ಮ ಪೆಟ್ಟಿಗಿ" ಎಂದು ಹೇಳಿ ಹೋದವರು ತಿಂಗಳು ಬರಲಿಲ್ಲ.

ನಾನು ಅವತ್ತೇ ಪ್ರೋಗ್ರಾಮನ್ನು ಕರೆಯುವ ಸಾಲಿನ ಕೊನೆಗೆ ಒಂದು ತುಂಡು ಸೇರಿಸಿದೆ. ಅದು ಏನೇ ದೂರು ಹೇಳಿದರೂ ಯಾರಿಗೂ ಕಾಣದ ಹಾಗೆ ಶೂನ್ಯಕ್ಕೆ ಚೆಲ್ಲಿಬಿಡು ಎಂದು. ಅವಳಿಗೆ ಅದು ಸೇರಲಿಲ್ಲ.

"ಹುಚ್ಚಿ, ಬಾಯಿ ಮುಚ್ಚಸೂದು ಸರಳ. ನಾಳೆ ಅದಕ್ಕ ಖರೇನ ಏನರ ಆದ್ರ ಹ್ಯಾಂಗ ತಿಳೀಬೇಕು?"

"ಹಂಗಾರ ಇಲ್ಲ ಅನ್ನಲಾರದಂಗ ಮಾತಾಡಾಕ ಕಲಸು ಅದಕ್ಕ."

"ಕಲಸ್ತೀನಿ. ಕಲಸಿದ ಮ್ಯಾಲ ನೀ ಬಾಯಿ ಬಿಡಸಬೇಕು ಮತ್ತ."

ಬಿಡಿಸುತ್ತೇನೆ ಎಂದೆ. ಅದಾದ ಸ್ವಲ್ಪ ದಿನಕ್ಕೆ ಅವಳಿಗೆ ಹೊಟ್ಟೆನೋವು ಶುರುವಾಯಿತು, ಹುಬ್ಬಳ್ಳಿಯ ದವಾಖಾನೆಗೆ ಓಡಾಟ ಶುರುವಾಯಿತು. ಆ ಮಾತನ್ನು ನಾವು ಇಬ್ಬರೂ ಮತ್ತೆ ಎತ್ತಲಿಲ್ಲ. ನಾನು ಪೂರ್ತಿ ಮರೆತೆ.

ಸಾಲಿನ ಕೊನೆಯ ಆ ತುಂಡನ್ನು ಅಳಿಸಿದೆ. ಪೆನ್ ಡ್ರೈವಿನೊಳಗೆ ನಿಂತು ಮತ್ತೆ ಕರೆದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬಂತು. ಅವಳು ಮೊಬೈಲಿನಲ್ಲಿ ನನಗೆ ಬರೆಯುತ್ತಿದ್ದ ಹಾಗೆಯೇ.

"ಕಡೀಕೂ ಬಾಯಿ ಬಿಡಸಿದಿ, ಹುಚ್ಚಿ. ಪಟ್ಟಿ ಹೆಚ್ಚಾಗೇತಿ. ನಾ ಬ್ಯಾರೆ ಕಡೆ ನಿಂತೀನಿ. ನನ್ನ ಪಟ್ಟಿ ಇದ್ದಲ್ಲಿ ಕರಕೊಂಡ್ ಹೋಗು."

ಮೊದಲು ನಗು ಬಂತು. ಪಟ್ಟಿ ಹೆಚ್ಚಾಗೇತಿ ಅಂತೆ. ಇಲ್ಲ ಎನ್ನದೆ ಮಾತಾಡಲು ಕಲಿಸಿದ್ದಳು. ಪ್ರೋಗ್ರಾಮಿನ ಫೈಲಿನ ತಾರೀಖು ನೋಡಿದೆ. ಅವಳು ಕೊನೆಯ ಸಲ ದವಾಖಾನೆಗೆ ಸೇರುವ ಹಿಂದಿನ ವಾರದ್ದು. ಅಂದರೆ ಅಷ್ಟು ನೋವಿನಲ್ಲಿ ಕುಳಿತು ಇದನ್ನು ಬರೆದು, ಸದ್ದಿಲ್ಲದೆ ತಂದು ಹಾಕಿ, ನಾನು ಎಂದು ಬಾಯಿ ಬಿಡಿಸುತ್ತೇನೋ ನೋಡೋಣ ಎಂದು ಸುಮ್ಮನಿದ್ದಳು. ನಾನು ಮೂರು ವರ್ಷ ಬಿಡಿಸಲಿಲ್ಲ. ಅದು ತಿಳಿದಾಗ ಅಳು ತಡೆಯಲಾಗಲಿಲ್ಲ. ಆಫೀಸಿನಲ್ಲಿ ಎಲ್ಲರ ಮುಂದೆ ಅತ್ತೆ. ಗುಮಾಸ್ತೆ ನೀರು ತಂದುಕೊಟ್ಟರು. ಬೆಂಚಿನ ಮೇಲಿದ್ದ ನೇಕಾರರು ಎದ್ದು ಬಂದು, "ಆಗಲಾರದ ಕೆಲಸಿದ್ರ ಇರಲಿ ಬಿಡ್ರಿ ಬಾಯಾರ, ಹಂಸ ಎಲ್ಲೂ ಹಾರಿ ಹೋಗೂದಿಲ್ಲ" ಎಂದರು.

ಅವಳು ಹೇಳಿದ್ದು ಸರಿಯಾಗಿತ್ತು, ಯಾವಾಗಲೂ ಹಾಗೆ. ಸ್ಕ್ರಿಪ್ಟಿಗೆ ಪ್ರೋಗ್ರಾಂ ಸಿಕ್ಕಿತ್ತು, ಆದರೆ ಪ್ರೋಗ್ರಾಮಿಗೆ ತನ್ನ ಪಟ್ಟಿ ಸಿಕ್ಕಿರಲಿಲ್ಲ. ಅವಳೂ ನನ್ನ ಹಾಗೆಯೇ ತಪ್ಪು ಮಾಡಿದ್ದಳು. ಪಟ್ಟಿಯನ್ನು ತಾನು ನಿಂತ ಜಾಗದಲ್ಲೇ ಹುಡುಕುವ ಹಾಗೆ ಬರೆದಿದ್ದಳು. ನಾನು ಪೆನ್ ಡ್ರೈವಿನಲ್ಲಿ ನಿಂತು ಕರೆದರೆ ಅದೂ ಅಲ್ಲೇ ನಿಂತು ಪಟ್ಟಿ ಹುಡುಕುತ್ತದೆ. ಅವಳ ಪ್ರೋಗ್ರಾಮನ್ನು ನಾನು ತಿದ್ದಲಾರೆ. ಆದರೆ ಅದನ್ನು ಕೇಳಿದಲ್ಲಿಗೆ ಕರೆದುಕೊಂಡು ಹೋಗಬಲ್ಲೆ. ಮೊದಲು ಚಿತ್ರದ ಪೂರ್ತಿ ವಿಳಾಸ ಬರೆದಿಟ್ಟುಕೊಳ್ಳಬೇಕು. ಆಮೇಲೆ ಕಂಸದೊಳಗೆ, ಅಂದರೆ ಕರೆದವರ ಜಾಗ ಅಲುಗದ ಹಾಗೆ, ಪ್ರೋಗ್ರಾಮಿನ ಫೋಲ್ಡರಿಗೆ ಹೋಗಿ, ಅಲ್ಲಿ ನಿಂತು ಅದನ್ನು ಎಬ್ಬಿಸಬೇಕು. ಹೋಗಲು ಆಗದಿದ್ದರೆ ಅಲ್ಲೇ ನಿಲ್ಲಬೇಕು, ಮುಂದೆ ಹೋಗಬಾರದು.

ಬರೆಯಲು ಐದು ನಿಮಿಷ ಸಾಕಿತ್ತು. ನಾನು ಅರ್ಧ ತಾಸು ಬರೆಯಲಿಲ್ಲ. ಇದನ್ನು ಸರಿಮಾಡಿದರೆ ಆ ಮಾತು ಇನ್ನು ಬರುವುದಿಲ್ಲ. ಮೂರು ವರ್ಷದ ಮೇಲೆ ಅವಳು ನನ್ನ ಜೊತೆ ಮಾತಾಡಿದ್ದಳು, ಈಗ ನಾನೇ ಅವಳಿಗೆ ಮಾತಾಡುವ ಕಾರಣ ಇಲ್ಲದಂತೆ ಮಾಡಬೇಕಾಗಿತ್ತು. ಹಳೆಯದನ್ನೇ ಮತ್ತೆ ಕರೆದೆ, ಓದಿದೆ. ಇನ್ನೊಮ್ಮೆ ಕರೆದೆ. ನೇಕಾರರು ಬಸ್ಸಿನ ಹೊತ್ತು ನೋಡುತ್ತಿದ್ದರು. ಅವರ ಮಗ್ಗ ನಿಂತು ಒಂದು ವಾರವಾಗಿತ್ತು. ಅವಳು ಆ ಮಗ್ಗದ ಕೆಳಗೂ ಮಲಗಿ ಕೊಕ್ಕೆ ಎಣಿಸಿದವಳು. ಸಾಲು ಬರೆದೆ.

ಪ್ರಿಂಟರ್ ಹಂಸದ ದಡಿಯನ್ನು ಹದಿನಾಲ್ಕು ಹಾಳೆಯಲ್ಲಿ ಕೊಟ್ಟಿತು. ನೇಕಾರರು ಹಾಳೆಗಳನ್ನು ಸುರುಳಿ ಸುತ್ತಿ, ಮೇಲೆ ಟವೆಲು ಸುತ್ತಿ, "ನೀವು ಉಣ್ರಿ ಮೊದಲ" ಎಂದು ಹೇಳಿ ಹೋದರು.

ಬಾಯಿ ಮುಚ್ಚಿಸುವ ಆ ತುಂಡನ್ನು ಮಾತ್ರ ಮತ್ತೆ ಹಾಕಲಿಲ್ಲ. ಸೋಮವಾರ ಗಜೇಂದ್ರಗಡದಲ್ಲಿ, ಮಂಗಳವಾರ ನರಗುಂದದಲ್ಲಿ ಅದೇ ಸ್ಕ್ರಿಪ್ಟ್ ಇಟ್ಟೆ. ಐಕಾನಿನಿಂದ, ಕೊಂಡಿಯಿಂದ, ಪೆನ್ ಡ್ರೈವಿನಿಂದ, ದೇವರ ಹೆಸರಿನ ಫೋಲ್ಡರಿನಿಂದ, ಎಲ್ಲ ಕಡೆಯಿಂದಲೂ ಕರೆದು ನೋಡಿದೆ. ಎಲ್ಲ ಕಡೆಯೂ ನಕ್ಷೆ ಬಂತು, ಒಂದು ಕಡೆಯೂ ಅವಳು ಏನೂ ಅನ್ನಲಿಲ್ಲ. ಬುಧವಾರ ಕಮಿಟಿಯವರು ಮೂರು ಊರಿನ ಹಾಳೆಗಳನ್ನು ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು ನೋಡಿದರು. ತೂತಿಗೆ ತೂತು ಒಂದೇ ಇತ್ತು. ಪ್ಯಾಕೇಜಿನ ಮಾತು ಬಿಟ್ಟರು. ಕಾರ್ಯದರ್ಶಿಗಳು, "ಇನ್ನ ಏನೂ ತಕರಾರು ಬರೂದಿಲ್ಲಲ್ರಿ?" ಎಂದು ಕೇಳಿದರು. ಬರುವುದಿಲ್ಲ ಎಂದೆ. ಅಷ್ಟು ಒಳ್ಳೆಯ ಸುದ್ದಿಯನ್ನು ಅಷ್ಟು ಭಾರವಾದ ಮನಸ್ಸಿನಿಂದ ನಾನು ಹಿಂದೆಂದೂ ಹೇಳಿರಲಿಲ್ಲ.

ಗುರುವಾರ ರಜೆ ಹಾಕಿ ನರಗುಂದಕ್ಕೆ ಹೋದೆ, ಈ ಸಲ ನೇರ ಅವಳ ಮನೆಗೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಒಂದನ್ನೇ ಹಾಕಿಕೊಂಡಿದ್ದೆ, ಪಟ್ಟಿ ಹಾಕಿರಲಿಲ್ಲ. ಅಮ್ಮನನ್ನು ಮಂಚದ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು ಕರೆದೆ. ಸಾಲು ಬಂತು. ಅವರಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ನಾನು ಬೆರಳಿಟ್ಟು ಓದಿ ಹೇಳಿದೆ.

ಅಮ್ಮ ಪರದೆಯ ಹತ್ತಿರ ಬಾಗಿ ನೋಡಿದರು.

"ಹೆಚ್ಚಾಗೇತಿ ಅಂದಾಳೇನು?"

"ಹೌದ್ರಿ ಅಮ್ಮಾ."

"ಅವರಪ್ಪನ ಅಂಗಡ್ಯಾಗ ಕಲ್ತದ್ದು. ಒಂದು ಥಾನ ಬಟ್ಟಿ ತೀರಿದ್ರ ಹಂಗ ಅಂತಿದ್ರು ಅವರು." ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಎಲ್ಲಿಗೆ ಕರಕೊಂಡ್ ಹೋಗಂತಾಳ?"

"ಆಕಿ ಪಟ್ಟಿ ಇದ್ದಲ್ಲಿ. ನಾ ಕರಕೊಂಡ್ ಹೋಗೇನ್ರಿ. ಈಗ ಮೂರೂ ಊರಾಗ ಕೆಲಸ ಮಾಡಾಕ ಹತ್ಯಾಳ."

"ಇನ್ನೊಂದ್ ಸಲ ಓದು."

ಇನ್ನೊಂದು ಸಲ ಕರೆದೆ, ಓದಿದೆ. ಮೂರನೇ ಸಲ ಪರದೆಯ ಮೇಲೆ ಸಾಲು ಮೂಡುತ್ತಿದ್ದ ಹಾಗೆಯೇ, ನಾನು ಬಾಯಿ ತೆರೆಯುವ ಮೊದಲೇ, ಅಮ್ಮ ತಾವೇ ಅಕ್ಷರದ ಮೇಲೆ ಬೆರಳಾಡಿಸುತ್ತ ಇಡೀ ಮಾತನ್ನು ಹೇಳಿ ಮುಗಿಸಿದರು. ಹುಚ್ಚಿ ಎನ್ನುವಲ್ಲಿ ನನ್ನ ಮುಖ ನೋಡಿ ನಕ್ಕರು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ನೀ ಯಾವ ಗುಂಡಿ ಒತ್ತತಿ, ನನಗ ತೋರಸು ಬೇಟಿ."

ಹಿಂದಿನ ಆಜ್ಞೆ ಮತ್ತೆ ಬರಲು ಮೇಲಿನ ಬಾಣ, ಅದರ ನಂತರ ಎಂಟರ್. ಬೆರಳು ಹಿಡಿದು ನಾಲ್ಕು ಸಲ ತೋರಿಸಿದೆ. ಐದನೇ ಸಲ ಅವರೇ ಒತ್ತಿದರು. ಲ್ಯಾಪ್‌ಟಾಪನ್ನು ಅವರ ಹತ್ತಿರವೇ ಬಿಟ್ಟು ನಾನು ಸಂಜೆಯ ಬಸ್ಸಿಗೆ ರೋಣಕ್ಕೆ ಹೊರಟೆ.